ಮೂರನೆಯ ಬಡಿತ

ಗ್ಯಾಸು ಸಾಯುವುದಿಲ್ಲ. ಏಳನೆಯ ಇಯತ್ತೆಗೆ ಊರಿನ ಶಾಲೆ ಬಿಟ್ಟು ಸ್ಪ್ಯಾನರ್ ಹಿಡಿದ ನನಗೆ ಇದು ಗೊತ್ತಾಗಲು ಐವತ್ತೆರಡು ವರ್ಷ ಬೇಕಾಯಿತು. ಮಷೀನಿನಿಂದ ಹೊರಬಿದ್ದ ಗ್ಯಾಸು ಗಾಳಿಯಲ್ಲಿ ಕರಗಿ ಮುಗಿದುಹೋಗುತ್ತದೆ ಎಂದೇ ನಾನೂ ನನ್ನಂಥ ಎಲ್ಲ ಮೆಕ್ಯಾನಿಕರೂ ತಿಳಿದಿದ್ದೆವು. ರಿಪೇರಿಗೆ ಮೊದಲು ವಾಲ್ವ್ ಬಿಚ್ಚಿ ಹಳೆಯದನ್ನು ಆಕಾಶಕ್ಕೆ ಬಿಡುವುದು, ಆಮೇಲೆ ಹೊಸ ಸಿಲಿಂಡರ್ ಹಚ್ಚುವುದು. ಭುಸ್ ಎಂದು ಹೋಗುತ್ತಿತ್ತು. ಹೋಯಿತು ಅಂದರೆ ಹೋಯಿತು.

ಹೋಗಿಲ್ಲ ಎಂದಳು ಅರ್ಪಿತಾ ಹೊಸಮನಿ. ಹುಬ್ಬಳ್ಳಿಯ ಇಂಜಿನಿಯರ್. ಬ್ಯಾಡಗಿಯ ನಮ್ಮ ಕೋಲ್ಡ್ ಸ್ಟೋರೇಜಿನ ಹಳೆ ಗ್ಯಾಸು ತೆಗೆದು ಹೊಸದು ಹಾಕಲು ಬಂದವಳು. ಯುಗಾದಿಯೊಳಗೆ ಹಳೆ ಗ್ಯಾಸಿನ ಮಷೀನು ಒಂದೂ ಇರಬಾರದು ಎಂದು ಕಾಯಿದೆ ಬಂದಿತ್ತು. ಆ ಗ್ಯಾಸು ಒಂದು ಕಿಲೊ ಮೇಲೆ ಹೋದರೆ ಸುಮಾರು ನಾಲ್ಕು ಸಾವಿರ ಕಿಲೊ ಇಂಗಾಲದ ಡೈಆಕ್ಸೈಡು ಭೂಮಿಯನ್ನು ಕಾಯಿಸಿದಷ್ಟು ಕಾಯಿಸುತ್ತದೆಯಂತೆ. ನಾನು ನನ್ನ ಜೀವಮಾನದಲ್ಲಿ ಎಷ್ಟು ಕಿಲೊ ಬಿಟ್ಟಿದ್ದೇನೋ ದೇವರಿಗೇ ಗೊತ್ತು. ಹತ್ತೊಂಬತ್ತು ವರ್ಷದ ಹಿಂದೆ ಬಿಟ್ಟ ಗ್ಯಾಸು ಈಗ ಎಷ್ಟು ಉಳಿದಿರುತ್ತದೆ ಎಂದು ಕೇಳಿದೆ. ಅವಳು ಲೆಕ್ಕ ಹಾಕಿ, ಅರ್ಧಕ್ಕಿಂತ ಹೆಚ್ಚು ಅಲ್ಲೇ ಇರುತ್ತದೆ ಎಂದಳು. ಯಾಕೆ ಸರಿಯಾಗಿ ಹತ್ತೊಂಬತ್ತು ಎಂದು ಕೇಳಲಿಲ್ಲ. ಕೇಳಿದ್ದರೆ ನಾನು ಹೇಳುತ್ತಲೂ ಇರಲಿಲ್ಲ.

ಹತ್ತೊಂಬತ್ತು ವರ್ಷದ ಹಿಂದೆ ನಮ್ಮ ಸ್ಟೋರೇಜಿನ ನಾಲ್ಕನೆಯ ಕೋಣೆಯಲ್ಲಿ, ನನ್ನ ಜೊತೆಗೆ ಮೆಕ್ಯಾನಿಕ್ ಆಗಿದ್ದ ಮೌಲಾಸಾಬ ಸತ್ತ. ಅವನ ಎದೆಯೊಳಗೆ ತುಂಬಿದ್ದ ಆ ಗ್ಯಾಸನ್ನು ದೊಡ್ಡ ಫ್ಯಾನು ಹಚ್ಚಿ ಆಕಾಶಕ್ಕೆ ಬಿಟ್ಟವನು ನಾನೇ.

ಹೊಸ ಗ್ಯಾಸು ಎಂದರೆ ಬೇರೇನಲ್ಲ, ಅದೇ ಇಂಗಾಲದ ಡೈಆಕ್ಸೈಡು. ನಾವು ಉಸಿರು ಬಿಡುವಾಗ ಹೋಗುವಂಥದ್ದು. ನಮ್ಮ ಹಮಾಲರು ಅದನ್ನು ಸೋಡಾ ಗ್ಯಾಸು ಎಂದರು, ಹೆಸರು ನಿಂತಿತು. ಸೋರಿದರೂ ಭೂಮಿಗೆ ಹಳೆಯದರಷ್ಟು ಕೇಡಿಲ್ಲ. ಆದರೆ ಒಳಗಿರುವ ಮನುಷ್ಯನಿಗೆ ಕೇಡು. ಲಾರಿ ಟೈರಿನ ಗಾಳಿಗಿಂತ ಹನ್ನೆರಡು ಪಟ್ಟು ಒತ್ತಡದಲ್ಲಿ ಓಡುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ಮುಚ್ಚಿದ ಕೋಣೆಗೆ ನುಗ್ಗಿದರೆ ನೆಲ ಹಿಡಿದು ತುಂಬಿಕೊಂಡು ಬರುತ್ತದೆ. ಅದಕ್ಕಾಗಿ ಗೋಡೆಗೆ ಮೀಟರು ಹಚ್ಚುತ್ತಾರೆ. ಅದಲ್ಲದೆ ಅರ್ಪಿತಾ ಇನ್ನೊಂದು ಯಂತ್ರ ತಂದಿದ್ದಳು. ಅದರ ಕಂಪನಿ ಹೆಸರು ಬೇರೆ ಏನೋ ಇತ್ತು, ನಾವು ಕಿವಿ ಎಂದೆವು. ರೂಪಾಯಿ ನಾಣ್ಯದಷ್ಟು ಅಗಲದ ಬಿಲ್ಲೆಗಳನ್ನು ಪೈಪು, ಗೋಡೆ, ಕಂಪ್ರೆಸರಿಗೆ ಅಂಟಿಸಿದ್ದಳು. ಮಷೀನಿನ ಸದ್ದು ಕೇಳಿಕೊಂಡು ವಾಲ್ವು ತೆರೆಯುವುದು, ಮುಚ್ಚುವುದು ಎಲ್ಲ ಕಿವಿಯದೇ ಕೆಲಸ.

ಕಿವಿಗೆ ಮೊದಲು ಪಾಠ ಹೇಳಬೇಕು. ಈ ಕಟ್ಟಡ ಹೇಗೆ ಗುಡುಗುತ್ತದೆ, ಇಲ್ಲಿನ ಜನ ಹೇಗೆ ಕೆಲಸ ಮಾಡುತ್ತಾರೆ ಎನ್ನುವುದು ಅದಕ್ಕೆ ತಿಳಿಯಬೇಕು. ಹಳೆಯ ದಾಖಲೆ ಏನಾದರೂ ಇದೆಯೇ ಎಂದು ಅವಳು ಕೇಳಿದಾಗ ಸಾಹುಕಾರರು ಅಟ್ಟದಿಂದ ನಾಲ್ಕು ಟ್ರಂಕು ಇಳಿಸಿದರು. ಒಳಗೆ ತಟ್ಟೆಯಂಥ ದುಂಡು ಕಾಗದಗಳು. ಹಿಂದೆ ಮಷೀನ್ ರೂಮಿನ ಗೋಡೆಯಲ್ಲಿ ಒಂದು ಡಬ್ಬಿ ಇತ್ತು. ಅದರಲ್ಲಿ ದುಂಡು ಕಾಗದ ದಿನಕ್ಕೊಂದು ಸುತ್ತು ತಿರುಗುತ್ತಿತ್ತು. ಪೈಪಿಗೆ ಜೋಡಿಸಿದ ಮುಳ್ಳೊಂದು ಒತ್ತಡ ಏರಿದಂತೆ ಇಳಿದಂತೆ ಶಾಯಿಯಲ್ಲಿ ಗೆರೆ ಎಳೆಯುತ್ತಿತ್ತು. ದಿನಾ ಬೆಳಿಗ್ಗೆ ಕಾಗದ ಬದಲಿಸಿ ತಾರೀಖು ಬರೆದಿಡುವುದು ಮೌಲಾಸಾಬನ ಕೆಲಸವಾಗಿತ್ತು. ಅವನ ದುಂಡು ಅಕ್ಷರ ಹಾಗೇ ಇತ್ತು. ಅವನು ಹೋದ ಮೇಲೆ ಯಾರೂ ಕಾಗದ ಹಾಕಲಿಲ್ಲ.

ಅರ್ಪಿತಾ ಆ ಕಾಗದಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಹರಡಿ ಕಿವಿಗೆ ಓದಿಸಿದಳು. ಪೈಪಿನ ಒಂದೊಂದು ನಡುಕವನ್ನೂ ಆ ಮುಳ್ಳು ತನಗೆ ಗೊತ್ತಿಲ್ಲದೆಯೇ ಬರೆದಿಟ್ಟಿದೆಯಂತೆ. ಒಂದು ನಿಮಿಷದ ಗೆರೆ ಅರ್ಧ ಮಿಲಿಮೀಟರೂ ಇಲ್ಲ. ಅದರೊಳಗೆ ಶಾಯಿ ಎಲ್ಲಿ ದಪ್ಪ, ಎಲ್ಲಿ ತೆಳು, ಎಲ್ಲಿ ಕೂದಲೆಳೆಯಷ್ಟು ಜಿಗಿದಿದೆ ಎಂದು ಹಿಡಿದು ಕಿವಿ ಅದನ್ನು ಸದ್ದಾಗಿ ತಿರುಗಿಸುತ್ತದೆ. ಮೊದಲ ದಿನ ಸ್ಪೀಕರಿನಿಂದ ನಮ್ಮ ಹಳೆ ಕಂಪ್ರೆಸರಿನ ಗೊರಗೊರ ಹೊರಟಿತು. ಅದನ್ನು ಗುಜರಿಗೆ ಹಾಕಿ ಎಂಟು ವರ್ಷವಾಗಿತ್ತು. 

ಅದರ ನಡುವೆ ಟಣ್, ಟಣ್ ಎಂದು ಬಡಿತ ಕೇಳಿತು. ಇದೇನು ಎಂದು ಅರ್ಪಿತಾ ಕೇಳಿದಳು. ಹೇಳಿದೆ.

ಮೆಣಸಿನಕಾಯಿ ಕೋಣೆಯೊಳಗೆ ಬಾಯಿ ತೆರೆಯಲಾಗುವುದಿಲ್ಲ. ಘಾಟು ಗಂಟಲಿಗೆ ಇಳಿದರೆ ಅರ್ಧ ತಾಸು ಕೆಮ್ಮು. ಮೂಗು ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡೇ ಕೆಲಸ. ಗೋಡೆಯೋ ಮೊಣಕೈ ದಪ್ಪ, ಫೋನು ಹತ್ತುವುದಿಲ್ಲ. ಗುಂಡಿ ಒತ್ತುವ ಗಂಟೆ ಹಾಕಿದರೆ ಮೆಣಸಿನ ಪುಡಿ ಕೂತು ಒಂದೇ ಸುಗ್ಗಿಗೆ ಕೆಡುತ್ತದೆ. ಅದಕ್ಕೆ ನಾವು ಪೈಪಿನಲ್ಲಿ ಮಾತಾಡುತ್ತಿದ್ದೆವು. ಒಳಗಿರುವವನು ಎರಡು ಹೊಡೆದರೆ, ಒಳಗಿದ್ದೇನೆ, ತಡಿ. ಮೂರು ಹೊಡೆದರೆ, ಕೆಲಸ ಮುಗಿಯಿತು, ಬರುತ್ತಿದ್ದೇನೆ, ಗ್ಯಾಸು ಬಿಡು. ಹೊರಗಿರುವವನು ಪೈಪು ಮುಟ್ಟಕೂಡದು. ಅವನ ಕೆಲಸ ಕೇಳುವುದಷ್ಟೇ. ಈ ಕಾನೂನು ಮಾಡಿದವನು ಮೌಲಾಸಾಬ.

ಅರ್ಪಿತಾಳಿಗೆ ಇದು ಬಹಳ ಹಿಡಿಸಿತು. ಹೊಸ ಪೈಪಿಗೆ ಯಾರೂ ಬಡಿಯುವ ಹಾಗಿರಲಿಲ್ಲ. ಅದಕ್ಕೆ ಪ್ರತಿ ಕೋಣೆಯ ಗೋಡೆ ತೂರಿಸಿ, ಬಡಿಯಲೆಂದೇ ಒಂದು ಕಬ್ಬಿಣದ ಸರಳು ಹಾಕಿಸಿದಳು. ಎರಡಕ್ಕೆ ಕೆಂಪು ದೀಪ, ವಾಲ್ವು ಬಂದ್. ಮೂರಕ್ಕೆ ಹಸಿರು, ವಾಲ್ವು ತೆರೆಯುತ್ತದೆ. ನಿಮ್ಮದೇ ಪದ್ಧತಿ, ನಿಮ್ಮದೇ ಕಾಗದ, ಕಿವಿ ಅದನ್ನೇ ಕಲಿಯಲಿ ಎಂದಳು.

ಆ ಕಾಗದಗಳಲ್ಲಿ ಆ ದಿನದ ಕಾಗದವೂ ಇತ್ತು. ನನಗದು ಹೊಳೆಯುವಷ್ಟರಲ್ಲಿ ಕಿವಿ ಅದನ್ನು ಓದಿಯಾಗಿತ್ತು.

ರಂಜಾನ್ ತಿಂಗಳು. ಮಧ್ಯಾಹ್ನ. ಅಂಗಳದಲ್ಲಿ ಹನ್ನೊಂದು ಲಾರಿ ನಿಂತಿದ್ದವು. ನಾಲ್ಕನೆಯ ಕೋಣೆಯ ಕಾಯಿಲ್ ಸೋರುತ್ತಿತ್ತು, ಮೌಲಾಸಾಬ ಒಳಗೆ ಕುಕ್ಕರಗಾಲಲ್ಲಿ ಕೂತು ಜಾಯಿಂಟು ಬಿಚ್ಚಿ ಕೂಡಿಸುತ್ತಿದ್ದ. ಅವನದು ನಿಧಾನದ ಕೈ. ಹೆಣ್ಣುಮಗಳ ಕೂದಲು ಬಾಚಿದ ಹಾಗೆ ಪೈಪು ಉಜ್ಜುತ್ತಿದ್ದ. ನಾನು ಹೊರಗೆ ವಾಲ್ವಿನ ಹತ್ತಿರ. ಸಾಹುಕಾರರು ಬಂದು ನನ್ನ ಅವ್ವನನ್ನು ಎಳೆದು ಬೈದು ಹೋದರು. ಎಷ್ಟು ತಾಸು ಎಂದು ಕಾಯುವುದು? ಆಗ ಒಳಗಿನಿಂದ ಟಣ್, ಟಣ್. ತಡಿ. ನನ್ನ ತಲೆಗೆ ಸಿಟ್ಟು ಏರಿತು. ಇನ್ನೆಷ್ಟು ತಡೀಲೋ ಎಂದು ಕೈಯಲ್ಲಿದ್ದ ಸ್ಪ್ಯಾನರನ್ನು ಪೈಪಿಗೆ ಅಪ್ಪಳಿಸಿದೆ.

ಆಮೇಲಿನದು ನನಗೆ ಇವತ್ತಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ಸಿಟ್ಟಿನಲ್ಲಿದ್ದವನಿಗೆ ತನ್ನ ಕೈಯ ಸದ್ದು ತನ್ನದೆಂದು ಗೊತ್ತಾಗುವುದಿಲ್ಲ. ನನ್ನ ಕಿವಿಯೊಳಗೆ ಮೂರು ಆಯಿತು. ಮೂರಾದರೆ ಬಿಡಬೇಕು. ಬಿಟ್ಟೆ.

ಹತ್ತು ನಿಮಿಷ ಬಿಟ್ಟು ಬಾಗಿಲು ತೆಗೆದಾಗ ಬಿಚ್ಚಿದ್ದ ಜಾಯಿಂಟಿನಿಂದ ಗ್ಯಾಸು ಕೋಣೆಯೆಲ್ಲ ತುಂಬಿತ್ತು, ಅವನು ಕಾಯಿಲ್ ಕೆಳಗೆ ಮಲಗಿದ್ದ. ಸ್ಪ್ಯಾನರ್ ಕೈಯಲ್ಲೇ ಇತ್ತು.

ವಿಚಾರಣೆಗೆ ಬಂದ ಅಧಿಕಾರಿ ಎಷ್ಟು ಬಡಿತ ಕೇಳಿದೆ ಎಂದ. ಮೂರು ಎಂದೆ. ಅದು ಸುಳ್ಳಲ್ಲ. ಯಾರು ಯಾರು ಹೊಡೆದದ್ದು ಎಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ರೋಜಾ ಹಿಡಿದು ತಲೆ ತಿರುಗಿ ಎಣಿಕೆ ತಪ್ಪಿದ್ದಾನೆ ಎಂದು ಬರೆದುಕೊಂಡು ಹೋದ. ಊರೂ ಅದನ್ನೇ ಹೇಳಿತು. ತನ್ನ ಸಾವಿಗೆ ತಾನೇ ಮೂರು ಬಡಿದ ಮನುಷ್ಯ. ಅವನ ಹೆಂಡತಿ ಬೀಬಿಜಾನ್ ಅದನ್ನೇ ಕೇಳುತ್ತ ತೊಟ್ಟು ಬಿಡಿಸುವ ಕೆಲಸಕ್ಕೆ ಬಂದಳು. ಈಗ ಅವಳು ಆರೂ ಕೋಣೆಯ ಉಸ್ತುವಾರಿ. ಚೀಲ ಎಳೆಯುವ ಕೊಕ್ಕೆ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಾಳೆ. ನಾನು ಭಾಬಿ ಎನ್ನುತ್ತೇನೆ. ಅವಳು ಗುತ್ತೆಪ್ಪಣ್ಣ ಎನ್ನುತ್ತಾಳೆ. ನಾಲ್ಕನೆಯ ಕೋಣೆಗೆ ಹೋಗುವಾಗ ಮಾತ್ರ ಯಾರನ್ನೂ ಮಾತಾಡಿಸುವುದಿಲ್ಲ.

ಹೊಸ ಮಷೀನು ಪರೀಕ್ಷಿಸುವ ಹಿಂದಿನ ದಿನ ಅರ್ಪಿತಾ ನನ್ನನ್ನು ಕಂಟ್ರೋಲ್ ರೂಮಿಗೆ ಕರೆದಳು. ಪರದೆಯ ಮೇಲೆ ಮೂರು ಗೆರೆ ಎದ್ದು ನಿಂತಿದ್ದವು. ಎರಡು ಗಿಡ್ಡ, ಒಂದು ಉದ್ದ.

ಎಲ್ಲ ವರ್ಷ ಸೇರಿ ನಾಲ್ಕು ಸಾವಿರ ಚಿಲ್ಲರೆ ಬಡಿತ ಸಿಕ್ಕಿವೆ, ಎಲ್ಲ ಒಂದೇ ಕೈಯವು, ಇದೊಂದು ಬೇರೆ ಎಂದಳು. ಕಿವಿ ಬಡಿತ ಎಣಿಸುವುದಷ್ಟೇ ಅಲ್ಲವಂತೆ, ಕೈಯನ್ನೂ ಗುರುತಿಸುತ್ತದಂತೆ. ಒಬ್ಬೊಬ್ಬರ ಬಡಿತಕ್ಕೆ ಒಂದೊಂದು ತೂಕ. ಈ ಮೂರನೆಯದನ್ನು ಲೆಕ್ಕಕ್ಕೆ ಹಿಡಿಯಲೋ ಬಿಡಲೋ ಎಂದು ಕಿವಿ ಅವಳನ್ನೇ ಕೇಳುತ್ತಿತ್ತು. ಹಿಡಿದರೆ, ಯಾವ ಜೋರು ಬಡಿತವಾದರೂ ಒಳಗಿನವರದೇ ಎಂದು ಅದು ಕಲಿಯುತ್ತದೆ. ಬಿಟ್ಟರೆ, ಇದು ಯಾರದು ಎಂದು ಅವಳು ಬರೆಯಬೇಕು.

"ಗುತ್ತೆಪ್ಪಣ್ಣಾರ, ಅವತ್ತ ಹೊರಗ ನೀವೊಬ್ರ ಇದ್ರಿ. ಮೂರೂ ಅವರವೇ ಏನ್ರಿ?"

ಅವಳು ಸಹಜವಾಗಿ ಕೇಳಿದಳು. ನನಗೆ ಬಾಗಿಲು ತೆರೆದೇ ಇತ್ತು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು.

"ಅವಂದ. ರೋಜಾ ಹಿಡದಿದ್ದ, ಕೈ ಸೋತಿತ್ತು. ಕಡೀದ್ದು ಸುತಗಿ ತಗೊಂಡು ಹೊಡದಿರಬೇಕು."

ಅವಳು ಸರಿ ಎಂದು ಒಂದು ಗುಂಡಿ ಒತ್ತಿದಳು. ಮೂರು ಗೆರೆಯೂ ಹಸಿರಾದವು. ನನ್ನ ಸುಳ್ಳು ಅಲ್ಲಿಯತನಕ ನನ್ನ ಬಾಯಲ್ಲಿತ್ತು, ಊರ ಬಾಯಲ್ಲಿತ್ತು. ಈಗ ಮಷೀನಿನೊಳಗೆ ಹೋಯಿತು.

ಸಂಜೆ ಮನೆಗೆ ಹೋದೆ. ಕರೆವ್ವ ರೊಟ್ಟಿ ಬಡಿಯುತ್ತಿದ್ದಳು. ನನ್ನ ಹೆಂಡತಿ ರೊಟ್ಟಿ ಬಡಿಯುವ ರೀತಿ ಬೇರೆ ಯಾರ ಮನೆಯಲ್ಲೂ ಇಲ್ಲ. ಹಿಟ್ಟಿನ ಮುದ್ದೆ ಇಟ್ಟರೆ ಮುಗಿಯುವತನಕ ಅಂಗೈ ನಿಲ್ಲುವುದಿಲ್ಲ, ಮಳೆ ಸುರಿದ ಹಾಗೆ ಒಂದೇ ಸಮ. ಹೊಸತಾಗಿ ಮದುವೆಯಾದಾಗ ಎಲ್ಲರಂತೆ ತಟ್ಟಿ, ನಿಲ್ಲಿಸಿ, ತಿರುಗಿಸಿ ತಟ್ಟುತ್ತಿದ್ದಳು. ಮೌಲಾಸಾಬ ಸತ್ತ ವರ್ಷ ನಾನು ಅವಳು ನಿಲ್ಲಿಸಿದಲ್ಲೆಲ್ಲ ಎಣಿಸತೊಡಗಿದೆ. ಎರಡಕ್ಕೆ ನಿಂತರೆ ಎದ್ದು ಹೊರಗೆ ಹೋಗುತ್ತಿದ್ದೆ. ಮೂರಕ್ಕೆ ನಿಂತರೆ ಉಣ್ಣುವ ಗಂಗಾಳ ಎತ್ತಿ ಒಗೆಯುತ್ತಿದ್ದೆ. ಅವಳು ಯಾಕೆ ಎಂದು ಒಮ್ಮೆಯೂ ಕೇಳಲಿಲ್ಲ. ನಿಲ್ಲಿಸದೆ ಬಡಿಯುವುದನ್ನು ಕಲಿತಳು.

ಅವತ್ತು ಅವಳಿಗೆ ಹೇಳಿದೆ. ನಾಳೆ ಹೊಸ ಮಷೀನಿನ ಪರೀಕ್ಷೆ, ಮೂರನೆಯ ಬಡಿತ ನನ್ನದು, ಅದನ್ನು ಮಷೀನಿಗೆ ಮೌಲಾಸಾಬನದೆಂದು ಹೇಳಿ ಬಂದಿದ್ದೇನೆ. ಕರೆವ್ವ ಅಂಗೈಯ ಹಿಟ್ಟು ಒರೆಸಿಕೊಂಡು ಕೇಳಿದಳು.

"ಒಳಗ ಯಾರು ಇರ್ತಾರ ನಾಳೆ?"

"ಬೀಬಿಜಾನ್ ಭಾಬಿ."

ಕರೆವ್ವ ಇನ್ನೊಂದು ಮುದ್ದೆ ಇಟ್ಟಳು. ಎರಡು ತಟ್ಟಿದಳು. ನಿಲ್ಲಿಸಿದಳು. ನನ್ನ ಮುಖ ನೋಡುತ್ತ ಕೂತಳು. ಹೆಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಬಂತು, ಆದರೂ ಅವಳ ಕೈ ಮುಂದೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆ. ಪೈಪಿಗೆ ಇನ್ನೂ ಗ್ಯಾಸು ತುಂಬಿರಲಿಲ್ಲ. ವಾಲ್ವು ತೆರೆಯುವ, ಮುಚ್ಚುವ ಕಸರತ್ತು ಮಾತ್ರ. ಗ್ಯಾಸು ಸಂಜೆಗೆ. ಮರುದಿನದಿಂದ ಕೋಣೆಗಳಲ್ಲಿ ಹೆಂಗಸರು ಚೀಲ ಜೋಡಿಸಲು ಇಳಿಯುವವರಿದ್ದರು. ಸಾಹುಕಾರರು ಹೂವಿನ ಹಾರ ತಂದು ಹೊಸ ಕಂಪ್ರೆಸರಿಗೆ ಹಾಕಿದ್ದರು. ಬೀಬಿಜಾನ್ ನಾಲ್ಕನೆಯ ಕೋಣೆಗೆ ತಾನೇ ಹೋಗುತ್ತೇನೆಂದಳು. ಬಾಗಿಲು ಮುಚ್ಚಿತು.

ಅರ್ಪಿತಾ ಪರದೆಯ ಮುಂದೆ. ನಾನು ಸರಳಿನ ಹೊರತುದಿಯ ಹತ್ತಿರ, ಹತ್ತೊಂಬತ್ತು ವರ್ಷದ ಹಿಂದೆ ನಿಂತಿದ್ದ ಜಾಗದಿಂದ ಎರಡು ಹೆಜ್ಜೆ ಆಚೆ. ಒಳಗಿನಿಂದ ಕೊಕ್ಕೆಯ ಸದ್ದು ಬಂತು. ಟಣ್, ಟಣ್. ಕೆಂಪು ದೀಪ ಹತ್ತಿತು. ಸಾಹುಕಾರರು ಚಪ್ಪಾಳೆ ತಟ್ಟಿದರು. ಅರ್ಪಿತಾ ತಿರುಗಿ ನಕ್ಕಳು.

ಈಗ ಹೇಳಬೇಕು ಎಂದುಕೊಂಡೆ. ಮನೆಯಿಂದ ಬರುವಾಗ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಾಯಿ ತೆರೆದೆ. ಒಂದಕ್ಷರ ಹೊರಡಲಿಲ್ಲ. ಕೈಯಲ್ಲಿ ಸ್ಪ್ಯಾನರಿತ್ತು. ಬಾಯಿಗಿಂತ ಕೈ ನನ್ನ ಮಾತು ಕೇಳುತ್ತದೆ, ಯಾವತ್ತೂ ಹಾಗೆಯೇ. ಎತ್ತಿ ಸರಳಿಗೆ ಒಂದು ಹೊಡೆದೆ.

ಹಸಿರು ದೀಪ ಹತ್ತಿತು. ವಾಲ್ವು ಚಟ್ ಎಂದು ತೆರೆಯಿತು.

 ಖಾಲಿ ಪೈಪಿನ ತೆರೆದ ವಾಲ್ವು, ಅದರ ಮೇಲೆ ಹಸಿರು ದೀಪ. ಅರ್ಪಿತಾಳ ನಗು ಮುಖದ ಮೇಲೆಯೇ ಉಳಿದು, ಆಮೇಲೆ ಸ್ವಲ್ಪಸ್ವಲ್ಪವಾಗಿ ಅಳಿಸಿಹೋಯಿತು. ಅವಳು ಪರದೆ ನೋಡಿದಳು, ನನ್ನ ಕೈ ನೋಡಿದಳು. ಬೆರಳಿಟ್ಟು ಎರಡು ಚಿತ್ರ ಪಕ್ಕಪಕ್ಕ ತಂದಳು. ಹಳೆಯ ಕಾಗದದ ಉದ್ದ ಗೆರೆ, ಈಗಿನ ಉದ್ದ ಗೆರೆ. ಒಂದರ ಮೇಲೊಂದು ಇಟ್ಟಳು. ಒಂದೇ ಗೆರೆ ಕಂಡಿತು.

ಬಾಗಿಲು ತೆರೆದುಕೊಂಡು ಬೀಬಿಜಾನ್ ಹೊರಬಂದಳು. ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚುತ್ತ ಹಸಿರು ದೀಪ ನೋಡಿದಳು.

"ನಾ ಎರಡ ಹೊಡದಿದ್ದೆ. ಯಾಕ ತೆರೀತು?"

ಅದು ಅವಳ ದನಿಯೇ. ಆದರೆ ಆ ಮಾತು ಹತ್ತೊಂಬತ್ತು ವರ್ಷದಿಂದ ಆ ಕೋಣೆಯೊಳಗೆ ಕಾಯುತ್ತ ಕೂತಿತ್ತು.

"ಮೂರನೇದು ನಂದು, ಭಾಬಿ," ಎಂದೆ.

ಅವಳು ನನ್ನ ಕೈಯ ಸ್ಪ್ಯಾನರ್ ನೋಡಿದಳು. ಆಮೇಲೆ ತಾನು ಹೊರಬಂದ ಬಾಗಿಲು ನೋಡಿದಳು. ಕೇಳಿದಳು.

"ಇವತ್ತಿಂದಾ?"

"ಇವತ್ತಿಂದೂ, ಅವತ್ತಿಂದೂ."

ಸಾಹುಕಾರರು ಏನೋ ಹೇಳಲು ಹೋದರು. ಹಳೆಯದೆಲ್ಲ ಈಗ ಯಾಕೆ, ಶುಭ ದಿನ ಎಂದು ಶುರು ಮಾಡಿದರು. ಬೀಬಿಜಾನ್ ಅವರ ಕಡೆ ತಿರುಗಿಯೂ ನೋಡಲಿಲ್ಲ. ಅರ್ಪಿತಾಳ ಹತ್ತಿರ ಹೋಗಿ, ಆ ಕಾಗದ ಮಾತಾಡುತ್ತದಂತಲ್ಲ, ಕೇಳಿಸು ಎಂದಳು.

ಸ್ಪೀಕರಿನಲ್ಲಿ ಹಳೆ ಕಂಪ್ರೆಸರಿನ ಗೊರಗೊರ. ಆಮೇಲೆ ಟಣ್, ಟಣ್. ಹಗುರ, ಹದವಾದ ಎರಡು ಬಡಿತ. ಮೂರನೆಯದು ಬರುವ ಮೊದಲೇ ಬೀಬಿಜಾನ್ ಕೈ ಎತ್ತಿದಳು. ಅರ್ಪಿತಾ ನಿಲ್ಲಿಸಿದಳು. ಮತ್ತೆ ಕೇಳಿಸು ಎಂದಳು ಬೀಬಿಜಾನ್. ಎಷ್ಟು ಸಲ ಕೇಳಿದಳೋ ನಾನು ಎಣಿಸಲಿಲ್ಲ. ಪ್ರತಿ ಸಲವೂ ಎರಡಕ್ಕೇ ನಿಲ್ಲಿಸಿದಳು. ಮನೆಗೆ ಬಂದರೆ ಅವರು ಚಿಲಕಕ್ಕೆ ಕೈ ಹಾಕುತ್ತಿರಲಿಲ್ಲ, ಹೀಗೇ ಬೆರಳ ಗೆಣ್ಣಿನಿಂದ ಎರಡು ಬಡಿದು ನಿಲ್ಲುತ್ತಿದ್ದರು ಎಂದು ಅರ್ಪಿತಾಳಿಗೆ ಹೇಳಿದಳು. ನನಗೆ ಹೇಳಲಿಲ್ಲ. ಅಳಲೂ ಇಲ್ಲ. ನಾನು ಅವಳು ಅಳಲಿ, ಕೊಕ್ಕೆ ಎತ್ತಿ ಹೊಡೆಯಲಿ ಎಂದು ಕಾಯುತ್ತಿದ್ದೆ. ಅದು ನನಗೆ ಸುಲಭವಾಗುತ್ತಿತ್ತು.

ಹೊರಡುವಾಗ ಬಾಗಿಲಲ್ಲಿ ನಿಂತು ಅಂದಳು. "ನನ್ನ ಮುಂದ ಹೇಳಿದ್ದು ಸಾಲೂದಿಲ್ಲ. ಯಾರ್ಯಾರ ಮುಂದ ಮೂರು ಅಂದಿ, ಅವರ ಮುಂದೆಲ್ಲಾ ಎರಡು ಅನ್ನು."

ಅವತ್ತು ಸಂಜೆ ಗ್ಯಾಸು ತುಂಬಲಿಲ್ಲ. ಅರ್ಪಿತಾ ಕಿವಿಗೆ ಮತ್ತೆ ಮೊದಲಿನಿಂದ ಪಾಠ ಹೇಳಿದಳು. ಅದಕ್ಕೆ ನನ್ನ ಕೈ ಗುರುತಾಗಬೇಕಿತ್ತು. ಇಡೀ ಎರಡು ದಿನ ನಾನು ಸರಳಿಗೆ ಬಡಿಯುತ್ತ ನಿಂತೆ. ಜೋರು, ಹಗುರ, ಎಡಗೈ, ಬಲಗೈ. ಒಂದೊಂದು ಬಡಿತಕ್ಕೂ ಪರದೆಯ ಮೇಲೆ ಹೊರಗಿನವನು ಎಂದು ಬರುತ್ತಿತ್ತು. ಆ ಹಳೆಯ ಕಾಗದದ ಎದುರಿಗೂ ಅವಳು ಹಾಗೇ ಬರೆದಳು. ಎರಡು, ಒಳಗಿನವರದು. ಒಂದು, ಹೊರಗಿನವನದು. ತೆರೆಯಕೂಡದು.

ಊರಲ್ಲಿ ಹೇಳುತ್ತ ಹೋದೆ. ಜುಮ್ಮಾ ನಮಾಜು ಬಿಟ್ಟ ಮೇಲೆ ಮಸೀದಿ ಮುಂದೆ ಹೇಳಿದೆ. ಹಮಾಲರ ಕಟ್ಟೆಯಲ್ಲಿ ಹೇಳಿದೆ. ಕೆಲವರು ಉಗಿದರು. ಒಬ್ಬ ಮುದುಕ, ಇದೇನು ಹೊಸದು ಮಾರಾಯಾ, ನಮಗೆ ಯಾವತ್ತೋ ಅನುಮಾನ ಇತ್ತು ಎಂದ. ಅನುಮಾನ ಇದ್ದವನು ಯಾಕೆ ಬಾಯಿ ಬಿಡಲಿಲ್ಲ ಎಂದು ಅವನ ಮೇಲೆಯೇ ಏರಿಹೋದೆ. ನನ್ನ ಸಿಟ್ಟು ಇನ್ನೂ ಹೋಗಿಲ್ಲ. ವಿಚಾರಣೆಯ ಅಧಿಕಾರಿ ಸತ್ತುಹೋಗಿದ್ದ. ಅಂಥವರು ಬಹಳ ಮಂದಿ ಇದ್ದರು. ನಾನು ಮೂರು ಎಂದದ್ದನ್ನೇ ಹೊತ್ತುಕೊಂಡು ಮಣ್ಣಿಗೆ ಹೋದವರು. ಅವರಿಗೆ ಇನ್ನು ಹೇಳಲು ಬರುವುದಿಲ್ಲ.

ಈಗ ಸೋಡಾ ಗ್ಯಾಸು ಓಡುತ್ತಿದೆ. ಹಳೆಯದು ಸಿಲಿಂಡರಿನಲ್ಲಿ ತುಂಬಿಕೊಂಡು ಹುಬ್ಬಳ್ಳಿಗೆ ಹೋಯಿತು, ಅಲ್ಲಿ ಸುಟ್ಟು ಇಲ್ಲವಾಗಿಸುತ್ತಾರಂತೆ. ಮೇಲೆ ಹೋದದ್ದನ್ನು ಯಾರೂ ಇಳಿಸಲಾರರು. ಅದು ಪೂರ್ತಿ ಮುಗಿಯುವ ಮೊದಲು ನಾನು ಮುಗಿದಿರುತ್ತೇನೆ. ಬೇಸಿಗೆಯ ಬಿಸಿಲು ನೆತ್ತಿ ಸುಡುವಾಗ ಒಮ್ಮೊಮ್ಮೆ ತಲೆ ಎತ್ತಿ ನೋಡುತ್ತೇನೆ. ಏನೂ ಕಾಣುವುದಿಲ್ಲ.

ಬೀಬಿಜಾನ್ ನನ್ನನ್ನು ಕೆಲಸದಿಂದ ತೆಗೆಸಲಿಲ್ಲ. ದಿನಾ ಬೆಳಿಗ್ಗೆ ನಾಲ್ಕನೆಯ ಕೋಣೆಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಾಳೆ. ಟಣ್, ಟಣ್. ಕೆಂಪು ದೀಪ. ಕಿವಿ ಇದೆ, ಮೀಟರಿದೆ, ನಾನು ಅಲ್ಲಿರಬೇಕೆಂದೇನಿಲ್ಲ. ಆದರೂ ಸ್ಪ್ಯಾನರನ್ನು ಮೇಜಿನ ಮೇಲಿಟ್ಟು, ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತೇನೆ. ಒಳಗೆ ಅವಳು ಎಷ್ಟು ಹೊತ್ತು ಏನು ಮಾಡುತ್ತಾಳೋ ಗೊತ್ತಿಲ್ಲ. ಒಂದೊಂದು ದಿನ ಐದು ನಿಮಿಷ, ಒಂದೊಂದು ದಿನ ಅರ್ಧ ತಾಸು. ಹೊರಗೆ ಲಾರಿಗಳು ಹಾರ್ನ್ ಹೊಡೆಯುತ್ತವೆ, ಸಾಹುಕಾರರು ಕೂಗುತ್ತಾರೆ.

ಮೂರು ಬಡಿತ ಅವಳಾಗಿ ಬಡಿಯುವತನಕ ನಾನು ತಡೆಯುತ್ತೇನೆ.